ಯಾವ ನೋವಿಗೆ ಯಾವ ಕೈ

ಪ್ಯಾರೀಸ್ ಕಾರ್ನರಿನಲ್ಲಿ ಮೈಕೈ ನೋವಿಲ್ಲದವರು ಯಾರಾದರೂ ಕಂಡರೆ, ಅವರು ಅವತ್ತು ಬೆಳಿಗ್ಗೆಯಷ್ಟೇ ಮದರಾಸಿಗೆ ಬಂದಿಳಿದವರು ಎಂದು ತಿಳಿಯಬೇಕು. ಗೋಡೌನ್ ಸ್ಟ್ರೀಟಿನಲ್ಲಿ ಬಟ್ಟೆಯ ಬೇಲು ಹೊರುವವರಿಗೆ ಹೆಗಲು. ಆಂಡರ್ಸನ್ ಸ್ಟ್ರೀಟಿನಲ್ಲಿ ಕಾಗದದ ರೀಮು ಎತ್ತಿ ಇಳಿಸುವವರಿಗೆ ಸೊಂಟ. ಮೂರು ಚಕ್ರದ ಸಾಮಾನು ಗಾಡಿ ತುಳಿಯುವವರಿಗೆ ಮಂಡಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಸೇಟುಗಳಿಗೆ ಕುತ್ತಿಗೆ. ಎದುರಿನ ಹೈಕೋರ್ಟಿನಲ್ಲಿ ನಿಂತು ನಿಂತು ವಾದಿಸುವ ವಕೀಲರಿಗೆ ಮೀನಖಂಡ. ಅವರ ಕಕ್ಷಿದಾರರಿಗೆ ತಲೆ.

1788ರಲ್ಲಿ ವೇಲ್ಸಿನಿಂದ ಬಂದು ವ್ಯಾಪಾರಕ್ಕಿಳಿದ ಥಾಮಸ್ ಪ್ಯಾರಿಯ ಹೆಸರು ಈ ಮೂಲೆಗೆ ಅಂಟಿಕೊಂಡಿದೆ. ಅವನ ಕಂಪನಿಯ ಡೇರ್ ಹೌಸ್ 1940ರಿಂದ ಅಲ್ಲಿ ನಿಂತಿದೆ. ಅವನ ಕಾಲದಿಂದಲೂ ಇಲ್ಲಿ ಮನುಷ್ಯರದು ಎರಡೇ ಪಂಗಡ: ಹೊರುವವರು, ಬರೆಯುವವರು. ಮನುಷ್ಯ ಎಳೆಯುತ್ತಿದ್ದ ರಿಕ್ಷಾ 1973ರಲ್ಲಿ ಹೋಯಿತು. ಕೊತ್ತವಾಲ್ ಚಾವಡಿಯ ತರಕಾರಿ ಮಂಡಿ 1996ರಲ್ಲಿ ಕೊಯಂಬೇಡಿಗೆ ಹೋಯಿತು. ಹೊರೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ನಾನು ಬರೆಯುವ ಪಂಗಡದವನು. ತಂಬು ಚೆಟ್ಟಿ ಬೀದಿಯ ಮಾಳಿಗೆಯೊಂದರಲ್ಲಿ ಕೂತು ಬೇರೆಯವರ ಲಾಭನಷ್ಟ ಬರೆದು ಬರೆದು ಬಲ ಹೆಗಲನ್ನು ಎಡ ಹೆಗಲಿಗಿಂತ ಒಂದಿಷ್ಟು ಮೇಲಕ್ಕೆ ಏರಿಸಿಕೊಂಡಿದ್ದೇನೆ. ಆದ್ದರಿಂದ ಮಾಲೀಸಿನ ವಿಷಯದಲ್ಲಿ ನಾಲ್ಕು ಮಾತು ಆಡುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ.

ಈಗ ಮಾಲೀಸು ಎಂದರೆ ಯಾರಿಗೂ ತಿಳಿಯುವುದಿಲ್ಲ, ಮಸಾಜ್ ಎನ್ನಬೇಕು. ನುಂಗಂಬಾಕ್ಕಮ್ಮಿನ ಕಡೆ ಹೋದರೆ ತಣ್ಣನೆಯ ಕೋಣೆ, ಮಂದ ದೀಪ, ಬಿದಿರು ಕೊಳಲಿನ ಧ್ವನಿಮುದ್ರಿಕೆ. ಕೈಗೆ ಒಂದು ದರಪಟ್ಟಿ ಕೊಡುತ್ತಾರೆ. ಸ್ವೀಡಿಷ್, ಬಾಲಿನೀಸ್, ಥಾಯ್, ಡೀಪ್ ಟಿಶ್ಯೂ, ಅರೋಮಾ, ಹಾಟ್ ಸ್ಟೋನ್. ಮಸಾಲೆ ದೋಸೆಯೋ ಸೆಟ್ ದೋಸೆಯೋ ಎಂಬ ಹಾಗೆ ನಾವು ಬೆರಳು ಓಡಿಸುತ್ತೇವೆ. ಹೆಚ್ಚಿನವರು ಮಧ್ಯದ ದರದ್ದನ್ನು ಆರಿಸುತ್ತಾರೆ. ಅತಿ ಅಗ್ಗದ್ದು ಆರಿಸಿದರೆ ಜಿಪುಣ ಅಂದುಕೊಂಡಾರು, ಅತಿ ದುಬಾರಿಯದು ಆರಿಸಿದರೆ ಮನೆಯಲ್ಲಿ ಲೆಕ್ಕ ಕೊಡಬೇಕು. ಎಲ್ಲಿ ನೋಯುತ್ತಿದೆ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಆ ಪ್ರಶ್ನೆ ಕೇಳುವವರು ಸಿಗುವುದು ಪ್ಯಾರೀಸಿನ ಒಳಗೆ, ಕಂದಕೋಟ್ಟಂ ದೇವಸ್ಥಾನವಿರುವ ರಾಸಪ್ಪ ಚೆಟ್ಟಿ ಬೀದಿಯಲ್ಲಿ. ಬೀದಿಯುದ್ದಕ್ಕೂ ನಾಟ್ಟು ಮರುಂದು ಅಂಗಡಿಗಳು. ನಮ್ಮೂರಿನ ಗ್ರಂದಿಗೆ ಅಂಗಡಿಯೇ, ಆದರೆ ಬೀದಿ ತುಂಬ. ಗೋಣಿಚೀಲಗಳಲ್ಲಿ ಬಜೆ, ಶುಂಠಿ, ಸೀಗೆಕಾಯಿ, ಹಿಪ್ಪಲಿ, ಲಾವಂಚ. ಗೋಡೆಯ ಕಪಾಟಿನಲ್ಲಿ ತೈಲದ ಬಾಟಲಿಗಳ ಸಾಲು. ನಾನು ಹೋಗುವ ಅಂಗಡಿಯ ಅಣ್ಣಾಚ್ಚಿಗೆ ಎಪ್ಪತ್ತು ದಾಟಿರಬೇಕು. ಮೊದಲ ಸಲ ಹೋದಾಗ, ಮೈಗೆ ತಿಕ್ಕಲು ಒಳ್ಳೆಯ ಎಣ್ಣೆ ಕೊಡಿ ಎಂದೆ.

"ಎಂಗ ವಲಿಕ್ಕುದು, ಸಾರ್?" ಎಲ್ಲಿ ನೋವು ಎಂದರು.

ಹೆಗಲು ಎಂದೆ.

ಎಷ್ಟು ದಿನದಿಂದ? ಬಿದ್ದದ್ದೋ, ಹೊತ್ತದ್ದೋ, ಕೂತದ್ದೋ? ಊತ ಉಂಟೋ? ಉರಿಯುತ್ತದೋ, ಸೆಳೆಯುತ್ತದೋ, ಜೋಮು ಹಿಡಿಯುತ್ತದೋ? ಬೆಳಿಗ್ಗೆ ಹೆಚ್ಚೋ, ರಾತ್ರಿ ಹೆಚ್ಚೋ? ಸಕ್ಕರೆ ಕಾಯಿಲೆ ಇದೆಯೋ? ಮಲಗುವಾಗ ಫ್ಯಾನು ನೇರ ಮೇಲಿದೆಯೋ? ಇಷ್ಟೆಲ್ಲ ಕೇಳಿ, ನನ್ನ ಹೆಗಲನ್ನು ಗಲ್ಲಾದ ಆಚೆಯಿಂದಲೇ ಒಂದು ಸಲ ನೋಡಿ, ಒಂದು ಸಣ್ಣ ಬಾಟಲಿ ಇಳಿಸಿದರು. ದೊಡ್ಡದು ಕೊಡಿ ಎಂದರೆ, ಮೊದಲು ಇದು ಖಾಲಿ ಮಾಡಿ ನೋಡಿ ಸಾರ್ ಎಂದರು. ವ್ಯಾಪಾರಿ ಗಿರಾಕಿಗೆ ಕಡಿಮೆ ಕೊಳ್ಳಿ ಎನ್ನುವುದನ್ನು ಪ್ಯಾರೀಸ್ ಸೇರಿದ ಈ ಜಾರ್ಜ್ ಟೌನಿನಲ್ಲಿ ನಾನು ಬೇರೆಲ್ಲೂ ಕೇಳಿಲ್ಲ.

ಅವರ ಕಪಾಟಿನ ಹೆಸರುಗಳನ್ನು ಓದುತ್ತ ನಿಂತರೆ ಮೈಯ ನಕ್ಷೆಯೇ ಕಣ್ಣಿಗೆ ಬೀಳುತ್ತದೆ. ಬಿದ್ದು ಪೆಟ್ಟಾದದ್ದಕ್ಕೆ, ಉಳುಕಿದ್ದಕ್ಕೆ ಮುರಿವೆಣ್ಣ. ಅದು ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದು, ತಂಪು. ಹಿಡಿದುಕೊಂಡ, ಬಿಗಿದ, ಮಳೆಗಾಲದಲ್ಲಿ ಜಾಸ್ತಿಯಾಗುವ ನೋವಿಗೆ ಕೊಟ್ಟಂಚುಕ್ಕಾದಿ. ಕೋಷ್ಠ, ಶುಂಠಿ, ಬಜೆ ಎಲ್ಲ ಸೇರಿ ಅದಕ್ಕೊಂದು ಖಾರದ ಬಿಸಿ. ಉರಿಯುವ ಕೀಲಿಗೆ ಪಿಂಡತೈಲ. ಬಾಣಂತಿಗೆ ಧನ್ವಂತರಂ. ನರದ ಸೆಳೆತಕ್ಕೆ ಹಾಲು ಹಾಕಿ ಕಾಯಿಸಿದ ಕ್ಷೀರಬಲ. ಇವೆಲ್ಲ ಕೇರಳದ ಕಡೆಯವು. ಪಕ್ಕದಲ್ಲೇ ತಮಿಳು ಸಿದ್ಧವೈದ್ಯರ ವಾತಕೇಸರಿಯೂ ಇರುತ್ತದೆ. ಇದಾವುದೂ ಬೇಡ, ಸುಮ್ಮನೆ ಮೈ ಒಣಗಿದೆ ಎಂದರೆ ಎಳ್ಳೆಣ್ಣೆ. ಉರಿಯುವ ಕೀಲಿಗೆ ಖಾರದ ಎಣ್ಣೆ ತಿಕ್ಕಿಕೊಂಡವರ ಗತಿ ಏನಾಗುತ್ತದೆ ಎಂಬುದನ್ನು ಅಣ್ಣಾಚ್ಚಿ ಅಭಿನಯಿಸಿ ತೋರಿಸುತ್ತಾರೆ. ಬರೆದು ತೋರಿಸಲು ನನಗೆ ಆಗದು. ಇನ್ನು ಮದರಾಸಿನ ಪೇಟೆಂಟ್ ಪರಿಹಾರವಾದ ಅಮೃತಾಂಜನವಂತೂ ಎಲ್ಲರ ಜೇಬಿನಲ್ಲಿದೆ. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬಯಿಯಲ್ಲಿ ಶುರುಮಾಡಿ 1914ರಲ್ಲಿ ಈ ಊರಿಗೆ ತಂದ ಹಳದಿ ಮುಲಾಮು ಅದು. ತಲೆನೋವಿಗೆ ಅದು ಸಾಕು. ಅದನ್ನು ಸೊಂಟಕ್ಕೆ, ಮಂಡಿಗೆ, ಹೊಟ್ಟೆಗೆ ಹಚ್ಚುವವರೂ ಉಂಟು, ಮುಲಾಮಿನ ತಪ್ಪಲ್ಲ.

ಎಣ್ಣೆ ಅರ್ಧ ಮಾತ್ರ, ಉಳಿದರ್ಧ ಕೈ. ತಮಿಳರ ಸಿದ್ಧವೈದ್ಯದಲ್ಲಿ ಇದಕ್ಕೆ ತೊಕ್ಕಣಂ ಎಂಬ ಶಾಸ್ತ್ರವೇ ಇದೆ. ಒಂಬತ್ತು ಬಗೆ. ತಟ್ಟುವುದು, ಬಿಗಿಯುವುದು, ಹಿಡಿಯುವುದು, ತಿರುಚುವುದು, ಕೈಯಿಂದ ಕಟ್ಟುವುದು, ಒತ್ತುವುದು, ಎಳೆಯುವುದು, ಅಂಗಾತ ಮಲಗಿಸಿ ಮಾಡುವುದು, ಅಲುಗಾಡಿಸುವುದು. ನೋವು ಯಾವುದು, ಮೈ ಯಾರದು ಎಂದು ನೋಡಿ ಇದರಲ್ಲಿ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ವೈದ್ಯ ನಿರ್ಧರಿಸುತ್ತಾನೆ. ತಾಂಬರಂನ ರಾಷ್ಟ್ರೀಯ ಸಿದ್ಧ ಸಂಸ್ಥೆಯಲ್ಲಿ, ಅರುಂಬಾಕ್ಕಮ್ಮಿನ ಸರ್ಕಾರಿ ಆಸ್ಪತ್ರೆಯಲ್ಲಿ ಓದಿದ ವೈದ್ಯರು ಇದಕ್ಕೆ ಸಿಗುತ್ತಾರೆ. ದರಪಟ್ಟಿಯಲ್ಲಿ ಬಾಲಿ ದ್ವೀಪವನ್ನು ಹುಡುಕುವ ನಮಗೆ ಲೋಕಲ್ ರೈಲಿನಲ್ಲಿ ಹೋಗಬಹುದಾದ ತಾಂಬರಂ ಕಣ್ಣಿಗೆ ಬೀಳುವುದಿಲ್ಲ.

ಸ್ವೀಡಿಷ್ ಎನ್ನುವುದರ ಕಥೆ ಇನ್ನೂ ತಮಾಷೆಯದು. ಕೀರ್ತಿ ಹೋದದ್ದು ಸ್ವೀಡನ್ನಿನ ವ್ಯಾಯಾಮ ಗುರು ಪೇರ್ ಹೆನ್ರಿಕ್ ಲಿಂಗ್‌ಗೆ. ಅದಕ್ಕೊಂದು ಕ್ರಮ ಕೊಟ್ಟದ್ದು 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್ಗರ್. ಪಟ್ಟುಗಳ ಹೆಸರುಗಳೆಲ್ಲ ಫ್ರೆಂಚು. ಪಟ್ಟುಗಳು ಮಾತ್ರ ನಮ್ಮ ಅಜ್ಜಿಯರಿಗೂ ಗೊತ್ತಿದ್ದವೇ: ಸವರುವುದು, ನಾದುವುದು, ತಿಕ್ಕುವುದು, ತಟ್ಟುವುದು, ಅದುರಿಸುವುದು. ಇದು ಮೃದು. ಹಗಲೆಲ್ಲ ಮನಸ್ಸು ಕದಡಿ ರಾತ್ರಿ ನಿದ್ದೆ ಬಾರದವರಿಗೆ, ಮೊದಲ ಸಲ ಹೋಗುವವರಿಗೆ, ವಯಸ್ಸಾದವರಿಗೆ ಸರಿ. ನಮ್ಮ ಪ್ರಕೃತಿ ಚಿಕಿತ್ಸೆಯವರು ಬಳಸುವುದೂ ಬಹುಪಾಲು ಇದನ್ನೇ; ಧರ್ಮಸ್ಥಳದ ಶಾಂತಿವನಕ್ಕೆ ಹೋಗಿ ಬಂದವರು ವರ್ಣಿಸುವುದೂ ಇದನ್ನೇ. ಅಲ್ಲಿ ಒಂದು ಅನುಕೂಲ ಇದೆ. ಮೊದಲು ವೈದ್ಯರು ನೋಡುತ್ತಾರೆ, ಆಮೇಲೆ ಕೈ.

ಡೀಪ್ ಟಿಶ್ಯೂ ಇದಕ್ಕೆ ವಿರುದ್ಧ. ಮೊಣಕೈ ಊರಿ, ಬೆರಳ ಗಂಟು ಊರಿ, ಸ್ನಾಯುವಿನ ಒಳಪದರದ ಗಂಟನ್ನು ಹುಡುಕಿ ಒತ್ತುವುದು. ಒಂದೇ ಜಾಗದಲ್ಲಿ ಹಳೆಯ ಬಿಗಿತ ಇರುವವರಿಗೆ ಇದು ಉಪಯೋಗ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದರ ಹತ್ತಿರ ಹೋಗಬಾರದು, ಮೈಯೆಲ್ಲ ಹೆಪ್ಪುಗಟ್ಟಿದ ನೀಲಿ ಕಲೆಯಾಗುತ್ತದೆ. ಥಾಯ್ ಪದ್ಧತಿಗೆ ಎಣ್ಣೆ ಬೇಡ, ಬಟ್ಟೆ ಬಿಚ್ಚುವುದೂ ಬೇಡ. ಚಾಪೆಯ ಮೇಲೆ ಮಲಗಿಸಿ ಕೈಕಾಲು ಎಳೆದು ಮಡಿಸುತ್ತಾರೆ. ಮಲಗಿದಲ್ಲೇ ಬೇರೆಯವರ ಖರ್ಚಿನಲ್ಲಿ ಯೋಗಾಸನ ಎನ್ನಬಹುದು. ಖರ್ಚು ನಮ್ಮದೇ ಎಂಬುದನ್ನು ಬಿಟ್ಟರೆ. 2019ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೂತು ಕೂತು ಮರಗಟ್ಟಿದ ನನ್ನಂಥವರಿಗೆ ಒಳ್ಳೆಯದು. ಮೂಳೆ ಸವೆದವರಿಗೆ, ಮಂಡಿ ಬದಲಿಸಿಕೊಂಡವರಿಗೆ ಬೇಡ. ಪಾದದ ರಿಫ್ಲೆಕ್ಸಾಲಜಿಯವರು ಗೋಡೆಗೆ ಒಂದು ಅಂಗಾಲಿನ ಚಿತ್ರ ತೂಗುಹಾಕಿ ಇಲ್ಲಿ ಒತ್ತಿದರೆ ಯಕೃತ್ತು, ಇಲ್ಲಿ ಮೂತ್ರಪಿಂಡ ಎನ್ನುತ್ತಾರೆ. ಯಕೃತ್ತಿನ ಆಸೆಯಿಂದ ಹೋಗಬೇಡಿ. ಪಾದಕ್ಕಾಗಿ ಹೋಗಿ, ಪಾದಕ್ಕೆ ಬಹಳ ಹಿತ. ಬರ್ಮಾ ಬಜಾರಿನಲ್ಲಿ ಸಿಗುವ ಮಸಾಜ್ ಗನ್ನುಗಳ ಬಗ್ಗೆ ನನ್ನ ದೂರು ಒಂದೇ: ಅವು ಏನೂ ಕೇಳುವುದಿಲ್ಲ.

ಇಲ್ಲಿ ನನ್ನ ದೊಡ್ಡಪ್ಪನ ಮಾತು ಬರಬೇಕು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು ಜಾರ್ಜ್ ಟೌನಿನ ಉಡುಪಿ ಹೋಟೆಲೊಂದರ ಅಡಿಗೆಮನೆ ಸೇರಿದವರು. ಆಗ ದಕ್ಷಿಣ ಕನ್ನಡದ ಹುಡುಗರಿಗೆ ಈ ಬೀದಿಗಳೇ ಪಾಠಶಾಲೆ. ಮುಂದೆ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದ ಕೃಷ್ಣರಾಯರೂ ಜಾರ್ಜ್ ಟೌನಿನ ಸಣ್ಣ ಹೋಟೆಲಿನಲ್ಲಿ ಮೈ ದಂಡಿಸಿಯೇ ಮೇಲೆ ಬಂದವರು. ಕೊಯಮತ್ತೂರಿನ ಕರೆಂಟು ಗ್ರೈಂಡರು ಬರುವ ತನಕ ಇಡ್ಲಿ ದೋಸೆಯ ಹಿಟ್ಟೆಲ್ಲ ಮನುಷ್ಯರ ಹೆಗಲಿನಿಂದಲೇ ಇಳಿಯಬೇಕಿತ್ತು. ನಡುರಾತ್ರಿ ದಾಟುವ ಮುನ್ನ ರುಬ್ಬುಕಲ್ಲಿನ ಮುಂದೆ ಕೂತರೆ ಬೆಳಗಿನ ಜಾವದ ತನಕ ಗುಂಡು ತಿರುಗಿಸುವುದು. ಮದರಾಸು ಮೆಚ್ಚಿ ತಿಂದ ಆ ಮಲ್ಲಿಗೆ ಇಡ್ಲಿಗೆ ಬೆಲೆ ಕೊಟ್ಟದ್ದು ಬಲಗೈಯ ಕೀಲು.

ಶನಿವಾರ ಮಧ್ಯಾಹ್ನ ಹೋಟೆಲಿನ ಹಿತ್ತಲಲ್ಲಿ ಇವರಿಗೆಲ್ಲ ಎಣ್ಣೆಸ್ನಾನ. ತಮಿಳು ಗಂಡಸರಿಗೂ ಶನಿವಾರವೇ ಎಣ್ಣೆಯ ವಾರ, ಹೆಂಗಸರಿಗೆ ಶುಕ್ರವಾರ. ಹುಡುಗರು ಸಾಲಾಗಿ ಕೂತು ಒಬ್ಬ ಇನ್ನೊಬ್ಬನ ಬೆನ್ನಿಗೆ ಎಳ್ಳೆಣ್ಣೆ ತಿಕ್ಕುವುದು, ಆಮೇಲೆ ಸೀಗೆಪುಡಿ, ಬಿಸಿನೀರು. ದೊಡ್ಡಪ್ಪನಿಗೆ ಯಾರು ಬೇಕಾದರೂ ತಿಕ್ಕುವಂತಿಲ್ಲ. ಹಿಟ್ಟು ರುಬ್ಬುವವನೇ ಆಗಬೇಕು, ಸಪ್ಲೈಯರ್ ಆಗದು. ಏಕೆ ಎಂದು ಕೇಳಿದ್ದೆ.

"ಗಟ್ಟಿ ಕೈ ಇದ್ರೆ ಸಾಕಾ ಮಾರಾಯ? ಕೈಗೆ ಕಿವಿ ಬೇಕ್" ಎಂದರು.

ರುಬ್ಬುವವನಿಗೆ ರುಬ್ಬುವವನ ಹೆಗಲಿನಲ್ಲಿ ಎಲ್ಲಿ ಗಂಟು ಕಟ್ಟುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಹೆಬ್ಬೆರಳು ನೇರ ಅಲ್ಲಿಗೇ ಹೋಗುತ್ತದೆ. ದರಪಟ್ಟಿಯ ಆರು ಹೆಸರುಗಳಿಗಿಂತ ಈ ಒಂದು ವಿವೇಕ ದೊಡ್ಡದೆಂದು ನನಗೆ ಈಗಲೂ ಅನ್ನಿಸುತ್ತದೆ. ಆರಿಸಬೇಕಾದ್ದು ಪದ್ಧತಿಯನ್ನಲ್ಲ, ಮೊದಲು ನೋವನ್ನು, ಆಮೇಲೆ ಆ ನೋವು ಗೊತ್ತಿರುವ ಕೈಯನ್ನು.

ಒಂದು ವಿಚಿತ್ರ ಗಮನಿಸಿದ್ದೇನೆ. ದಿನವಿಡೀ ಹೊರೆ ಹೊರುವವರು ಮೆಲ್ಲಗೆ ನೀವಿಸಿಕೊಳ್ಳುತ್ತಾರೆ. ದಿನವಿಡೀ ಕೂತಿರುವವರು "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಎನ್ನುತ್ತಾರೆ. ಬೇಲು ಹೊರುವವನಿಗೆ ತನ್ನ ಮೈಯ ಮೇಲೆ ಭಾರ ಬೀಳುವುದೆಂದರೇನು ಎಂದು ಗೊತ್ತು. ಅದನ್ನು ದುಡ್ಡು ಕೊಟ್ಟು ಮತ್ತೆ ಹೊರಿಸಿಕೊಳ್ಳಲು ಅವನಿಗೆ ಹುಚ್ಚಿಲ್ಲ. ನಮಗೆ, ಬರೆಯುವ ಪಂಗಡಕ್ಕೆ, ನೋಯದಿದ್ದರೆ ಕೊಟ್ಟ ದುಡ್ಡು ದಂಡ. ಮಾರನೆಯ ದಿನ ಮೈ ಕೆಂಪಾಗಿ ಊದಿಕೊಂಡರೆ ಒಳಗಿನ ವಿಷವೆಲ್ಲ ಹೊರಗೆ ಬಂತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಯಾವ ವಿಷವೂ ಬಂದಿರುವುದಿಲ್ಲ. ದುಡಿದ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಮಾಲೀಸು ಹಿಂಡಿ ತೆಗೆಯುತ್ತದೆ ಎಂಬುದೂ ಕಟ್ಟುಕಥೆ. ಸುಮ್ಮನೆ ಕೂತರೂ ಅದು ಸುಮಾರು ಒಂದು ತಾಸಿನಲ್ಲಿ ತಾನಾಗಿ ಕರಗುತ್ತದೆ. ಹಾಗೆಂದು ಮಾಲೀಸಿನಿಂದ ಪ್ರಯೋಜನವೇ ಇಲ್ಲ ಎಂದಲ್ಲ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದ ಉಪಾಯಗಳಲ್ಲಿ ಬಿಸಿ ಶಾಖದ ಜೊತೆ ಮಾಲೀಸನ್ನೂ ಹೆಸರಿಸಿತು. ಅಂಥ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ. ಅಷ್ಟು ದಿನ ತಡೆದುಕೊಳ್ಳಲು ಒಂದು ಕೈಯ ಆಸರೆ. ಅದೇನು ಕಡಿಮೆಯೇ?

ಹಿಂದಿನವರಿಗೂ ಇದು ಸುಖವೇ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಸ್ನಾನವನ್ನೇ ಒಂದು ಭೋಗವೆಂದು ಎಣಿಸಿ ಸುಗಂಧ ತೈಲದ ಅಭ್ಯಂಗಕ್ಕೆ ಜಾಗ ಕೊಟ್ಟಿದ್ದಾನೆ. ಆಯುರ್ವೇದದ ವಾಗ್ಭಟನು ದಿನವೂ ಎಣ್ಣೆ ಹಚ್ಚಿಕೊಳ್ಳಲು ಹೇಳಿ, ತಲೆ, ಕಿವಿ, ಪಾದವನ್ನು ಮರೆಯಬೇಡಿ ಎನ್ನುತ್ತಾನೆ. ಕಫ ಹೆಚ್ಚಿದಾಗ, ಅಜೀರ್ಣವಾದಾಗ ಬೇಡ ಎಂದೂ ಕೂಡಲೇ ಸೇರಿಸುತ್ತಾನೆ. ಬೇಕು ಎಂದ ಬಾಯಿಯಲ್ಲೇ ಬೇಡ ಎಂದವನೇ ವೈದ್ಯ. ಬೇಡ ಎನ್ನುವ ಪಟ್ಟಿ ನೇತುಹಾಕಿದ ಸ್ಪಾ ಸಿಕ್ಕರೆ ನಾನು ಧೈರ್ಯವಾಗಿ ಒಳಗೆ ಹೋಗುತ್ತೇನೆ.

ಆ ಪಟ್ಟಿಯಲ್ಲಿ ಏನಿರಬೇಕು ಎಂದರೆ, ಜ್ವರ ಇದ್ದಾಗ ಬೇಡ. ಹೊಸ ಉಳುಕನ್ನು ಎರಡು ಮೂರು ದಿನ ತಿಕ್ಕಬೇಡಿ. ಇದನ್ನು ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರು ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ. ಬಸುರಿಯರು ವೈದ್ಯರನ್ನು ಕೇಳದೆ ಹೋಗಬಾರದು. ಉಬ್ಬಿದ ನರದ ಮೇಲೆ ಒತ್ತಬಾರದು. ದೂರ ಪ್ರಯಾಣ ಮಾಡಿ ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಯಾರ ಕೈಗೂ ಕೊಡದೆ ನೇರ ಆಸ್ಪತ್ರೆಗೆ ಹೋಗಬೇಕು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಸೊಂಟನೋವಿನ ಜೊತೆ ಕಾಲು ಸೋಲುವುದು, ಮೂತ್ರ ನಿಲ್ಲುವುದು ಕಂಡರೆ ಅದು ಎಣ್ಣೆಯ ಕೆಲಸವೇ ಅಲ್ಲ.

ಕುತ್ತಿಗೆಯದು ಬೇರೆಯೇ ಅಧ್ಯಾಯ. ಬ್ರಾಡ್‌ವೇ ಸುತ್ತಮುತ್ತಲಿನ ಸಲೂನುಗಳಲ್ಲಿ ಕಟಿಂಗ್ ಮುಗಿದ ಮೇಲೆ ತಲೆಗೆ ಎಣ್ಣೆ ಹಾಕಿ ತಟ್ಟುತ್ತಾರಲ್ಲ, ಅದರಷ್ಟು ಕಡಿಮೆ ಬೆಲೆಗೆ ಸಿಗುವ ಸ್ವರ್ಗ ಮದರಾಸಿನಲ್ಲಿ ಬೇರೆ ಇಲ್ಲ. ಬೆರಳುಗಳು ಕಿವಿಯ ಹಿಂದೆ ಇಳಿಯುವಾಗ ಸಾಲ, ಜಿಎಸ್‌ಟಿ, ಆಡಿಟರು ಎಲ್ಲ ಮರೆತುಹೋಗುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನ. ಆದರೆ ಕೊನೆಗೆ ಗದ್ದ ಹಿಡಿದು, ತಲೆಗೆ ಇನ್ನೊಂದು ಕೈ ಕೊಟ್ಟು, ಲಟಕ್ ಎಂದು ತಿರುಗಿಸುವ ಒಂದು ಕಲೆ ಉಂಟು. ಶಬ್ದ ಬಂದರೆ ಗಿರಾಕಿಗೂ ಸಂತೋಷ, ತಿರುಗಿಸಿದವನಿಗೂ ಸಂತೋಷ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮೂಳೆಗಳ ತೂತುಗಳೊಳಗಿನಿಂದಲೇ ಹಾದುಹೋಗುತ್ತವೆ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ. ಹಠಾತ್ ತಿರುಚಿದರೆ ಆ ನಾಳದ ಒಳಪದರ ಸೀಳಿ ಪಾರ್ಶ್ವವಾಯು ಬಡಿದ ಪ್ರಸಂಗಗಳು ವೈದ್ಯರ ದಾಖಲೆಯಲ್ಲಿವೆ. ತಿರುಚುವುದೂ ಬೇಡ, ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಇಟ್ಟರೂ ಸಾಕು ಎಂದು 1993ರಲ್ಲಿ ಅಮೆರಿಕದ ನರತಜ್ಞರೊಬ್ಬರು ಬರೆದರು. ಅದಕ್ಕೆ ಬ್ಯೂಟಿ ಪಾರ್ಲರ್ ಸ್ಟ್ರೋಕ್ ಎಂದೇ ಹೆಸರು ಬಿತ್ತು. ಅಪರೂಪ, ನಿಜ. ಆದರೆ ಇಪ್ಪತ್ತು ರೂಪಾಯಿಯ ಟಿಪ್ಸಿಗೆ ಆ ಅಪರೂಪವನ್ನು ಏಕೆ ಪರೀಕ್ಷಿಸಬೇಕು?

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರಿಗೆ ಬೇಡ ಎನ್ನಲು ಎಷ್ಟು ಸಂಕೋಚ! ಕತ್ತರಿ ಹಿಡಿದವನನ್ನು ಎದುರುಹಾಕಿಕೊಳ್ಳುವುದು ಹೇಗೆ ಎಂದು. ಮಸಾಜ್ ಟೇಬಲ್ಲಿನ ಮೇಲೂ ಅದೇ ಸಂಕೋಚ. "ಪ್ರೆಷರ್ ಓಕೆನಾ ಸಾರ್?" ಎಂದು ಕೇಳಿದರೆ, ಹಲ್ಲು ಕಚ್ಚಿಕೊಂಡು ಓಕೆ ಎನ್ನುತ್ತೇವೆ. ಆ ಪ್ರಶ್ನೆ ಉಪಚಾರದ್ದಲ್ಲ, ಉತ್ತರಕ್ಕಾಗಿಯೇ ಕೇಳಿದ್ದು. ಜಾಸ್ತಿಯಾಯಿತು ಎನ್ನಿ, ಕೆಳಗೆ ಎನ್ನಿ, ಎಡಕ್ಕೆ ಎನ್ನಿ, ನುಂಗುವ ಮಾತ್ರೆಗಳ ಹೆಸರು ಹೇಳಿ, ಹಳೆಯ ಆಪರೇಷನ್ ಹೇಳಿ. ಊಟವಾದ ಕೂಡಲೇ ಹೋಗಬೇಡಿ. ಮತ್ತೆ, ಕುತ್ತಿಗೆ ತಿರುಗಿಸಲು ಗದ್ದಕ್ಕೆ ಕೈ ಬಂದಾಗ ಆ ಕೈಯನ್ನು ಹಿಡಿದು ನಗುತ್ತ ಬೇಡಪ್ಪ ಎನ್ನಿ, ತಮಿಳಿನಲ್ಲಾದರೆ ವೇಣ್ಡಾಂ. ಸಲೂನಿನಲ್ಲೂ ಸ್ಪಾದಲ್ಲೂ ಅರ್ಥವಾಗುತ್ತದೆ. ರಾಸಪ್ಪ ಚೆಟ್ಟಿ ಬೀದಿಗೆ ಎಣ್ಣೆಗೆ ಹೋಗುವವರು ಭಾನುವಾರ ಹೋಗಬೇಡಿ, ಪ್ಯಾರೀಸಿನಲ್ಲಿ ಅಂದು ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ.